ಮಾನಿಟರ್ ಕೊಂಡ ಪ್ರಸಂಗ



ಎರಡು ತಿಂಗಳಿಂದ ನಾನು ಏನನ್ನೂ ಬರೆಯಲಿಲ್ಲವೆಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ನನ್ನ ಆರೋಗ್ಯ ನೆಟ್ಟಗಿದೆ. ಕೆಟ್ಟದ್ದು ನನ್ನ ಗಣಕಯಂತ್ರದ ಮಾನಿಟರ್. ಅದನ್ನು ಬದಲಾಯಿಸುವ ಪುಟ್ಟ ವ್ಯವಹಾರದಲ್ಲಿ ನನಗೆ ಒಂದು ಹಳೆಯ ಪಾಠ ಹೊಸದಾಗಿ ಆಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ನನ್ನ ಹಳೆಯ ಮಾನಿಟರನ್ನು 2011ರಲ್ಲಿ, ನಿವೃತ್ತಿಯ ಮರುವರ್ಷ ಕೊಂಡಿದ್ದೆ. ಹದಿನೆಂಟೂವರೆ ಇಂಚಿನದು. ಅಂದು ಅಂಗಡಿಯಲ್ಲಿದ್ದವುಗಳಲ್ಲಿ ಅತ್ಯಂತ ಅಗ್ಗದ್ದು ಯಾವುದೋ ಅದನ್ನೇ ತಂದಿದ್ದೆ. ಈ ಮಳೆಗಾಲದಲ್ಲಿ ಅದರ ಎಡಭಾಗದಲ್ಲಿ ಒಂದು ಹಸಿರು ಗೆರೆ ಮೂಡಿತು, ವಾರದಲ್ಲಿ ಅದು ಮೂರಾಯಿತು. ಆದರೂ ಎಳೆದಾಡಿಕೊಂಡು ಕೆಲಸ ಸಾಗಿಸುತ್ತಿದ್ದೆ. ಹೊಸದನ್ನು ಕೊಳ್ಳುವಂತೆ ಮಾಡಿದ್ದು ಆ ಗೆರೆಗಳಲ್ಲ, ಒಂದು ಛಾಯಾಚಿತ್ರ.

ಹಳೆಯ ವಿದ್ಯಾರ್ಥಿಯೊಬ್ಬರು 1986ನೇ ಇಸವಿಯ ಹತ್ತನೆಯ ತರಗತಿಯ ಗುಂಪುಚಿತ್ರವನ್ನು ಸ್ಕ್ಯಾನ್ ಮಾಡಿ ಕಳುಹಿಸಿದ್ದರು. ಕಪ್ಪುಬಿಳುಪಿನ ಚಿತ್ರ. ತೀರ್ಥಹಳ್ಳಿ ಸೀಮೆಯ ನಮ್ಮ ಪ್ರೌಢಶಾಲೆಯ ಹಂಚಿನ ಕಟ್ಟಡದ ಮುಂದೆ ನಲವತ್ತೆರಡು ಮಕ್ಕಳು ನಿಂತಿದ್ದಾರೆ. ನಾನು ಸಂಭ್ರಮದಿಂದ ನನ್ನ ಪತ್ನಿಯನ್ನು ಕರೆದೆ. ಅಂದಿನ ಮಕ್ಕಳಲ್ಲಿ ಅನೇಕರು ಸಂಜೆಯ ಪಾಠಕ್ಕೆ ಮನೆಗೆ ಬಂದು, ಆಕೆ ಕೊಟ್ಟ ಮಜ್ಜಿಗೆ ಕುಡಿದು ಹೋದವರು. ಹೆಸರುಗಳು ನನಗಿಂತ ಆಕೆಗೇ ಚೆನ್ನಾಗಿ ನೆನಪು. ಆಕೆ ಎಂದಿನಂತೆ ನನ್ನ ಕುರ್ಚಿಯ ಪಕ್ಕದಲ್ಲಿರುವ ತಗ್ಗಿನ ದಿವಾನದ ಮೇಲೆ ಕುಳಿತು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, "ನನಗೆ ಒಬ್ಬರ ಮುಖವೂ ತಿಳಿಯುತ್ತಿಲ್ಲ. ಎಲ್ಲ ಮಸಿ ಬಳಿದ ಹಾಗಿದೆ. ಆಪರೇಷನ್ ಮಾಡಿಸಿದ ಕಣ್ಣು ಮತ್ತೆ ಕೈಕೊಟ್ಟಿತೆಂದು ಕಾಣುತ್ತದೆ. ನೀವೇ ನೋಡಿ" ಎಂದು ಎದ್ದು ಹೋದಳು.

ಎರಡು ವರ್ಷಗಳ ಹಿಂದೆ ಆಕೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಆ ಮಾತು ಕೇಳಿ ನನಗೆ ಗಾಬರಿಯಾಯಿತು. ವಿಚಾರಿಸಿದಾಗ ತಿಳಿಯಿತು: ಬಹಳ ಕಾಲದಿಂದ ಆಕೆ ಈ ಪರದೆಯ ಮೇಲೆ ಏನನ್ನೂ ಸರಿಯಾಗಿ ಕಂಡಿರಲಿಲ್ಲ. ವಿದೇಶದಲ್ಲಿರುವ ಮೊಮ್ಮಕ್ಕಳ ಚಿತ್ರಗಳನ್ನು ತೋರಿಸಿದಾಗಲೂ ಸುಮ್ಮನೆ ತಲೆಯಾಡಿಸುತ್ತಿದ್ದಳಂತೆ. ಕಣ್ಣಿನ ವಿಷಯ ಹೇಳಿದರೆ ಮತ್ತೆ ಖರ್ಚು, ಮತ್ತೆ ಓಡಾಟವೆಂದು ಬಾಯಿ ಬಿಟ್ಟಿರಲಿಲ್ಲ.

ಮರುದಿನ ನೇತ್ರವೈದ್ಯರಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದೆವು. ಅಷ್ಟರೊಳಗೆ ಸಂಜೆ ಏನೋ ಹುಡುಕಲೆಂದು ನಾನು ಆ ದಿವಾನದ ಮೇಲೆ ಕುಳಿತೆ. ತಲೆಯೆತ್ತಿ ಪರದೆಯನ್ನು ನೋಡಿದೆ. ನಲವತ್ತೆರಡು ಮಕ್ಕಳ ಮುಖಗಳೂ ಕಪ್ಪಾಗಿದ್ದವು, ಕೆಲವು ಫೋಟೋ ನೆಗೆಟಿವಿನಂತೆ ತಿರುಗುಮುರುಗಾಗಿದ್ದವು. ನನ್ನ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿದೆ. ಆಕೆ ಎರಡನೆಯ ಸಾಲಿನಿಂದ ಹೆಸರು ಹಿಡಿದು ಹೇಳತೊಡಗಿದಳು! ಕಣ್ಣು ಸರಿಯಾಗಿಯೇ ಇತ್ತು. ದೋಷವಿದ್ದದ್ದು ಪರದೆಯಲ್ಲಿ. ಹದಿನಾಲ್ಕು ವರ್ಷ ನಾನು ಸದಾ ನೇರ ಎದುರಿಗೆ ಕುಳಿತಿದ್ದರಿಂದ ಅದು ನನಗೆ ಗೊತ್ತೇ ಆಗಿರಲಿಲ್ಲ.

ವಿಜ್ಞಾನದ ಮೇಷ್ಟ್ರಾಗಿದ್ದವನು ಇಷ್ಟಕ್ಕೆ ಬಿಡುವುದುಂಟೇ? ಕಾರಣ ಹುಡುಕಲು ಕುಳಿತೆ. ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಿಮ್ಮಲ್ಲಿ ಮಾನಿಟರ್ ಕೊಳ್ಳುವವರಿಗೆ ಉಪಯೋಗವಾದೀತು.

ನಾವು ಬಳಸುವ ಚಪ್ಪಟೆ ಪರದೆಗಳಲ್ಲಿ ಹೆಚ್ಚಿನವು ದ್ರವಹರಳಿನವು. ಹರಳಿನಂತೆ ಕ್ರಮಬದ್ಧವಾಗಿಯೂ ದ್ರವದಂತೆ ಹರಿಯುವಂತೆಯೂ ಇರುವ ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಮೊದಲು ಗಮನಿಸಿದವನು ಫ್ರೀಡ್ರಿಶ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ. ಪರದೆಯ ಹಿಂದೆ ದೀಪವಿರುತ್ತದೆ. ಅದರ ಮುಂದೆ ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಹಾಳೆಗಳು, ಅವುಗಳ ನಡುವೆ ದ್ರವಹರಳಿನ ತೆಳುಪದರ. ವಿದ್ಯುತ್ತು ಹಾಯಿಸಿದಾಗ ಅಣುಗಳು ತಿರುಗುತ್ತವೆ. ಅವು ಎಷ್ಟು ತಿರುಗಿದವೆಂಬುದರ ಮೇಲೆ ಎಷ್ಟು ಬೆಳಕು ಹೊರಬರಬೇಕೆಂಬುದು ನಿರ್ಧಾರವಾಗುತ್ತದೆ. ಪ್ಯಾನೆಲುಗಳಲ್ಲಿರುವ ಭೇದವೆಲ್ಲ ಈ ಅಣುಗಳು ಹೇಗೆ ತಿರುಗುತ್ತವೆ ಎಂಬುದರಲ್ಲಿದೆ.

ನನ್ನ ಹಳೆಯದು ಟಿಎನ್ ಜಾತಿಯದು. ಸುರುಳಿಯಾಕಾರದಲ್ಲಿ ಮಲಗಿರುವ ಅಣುಗಳು ವಿದ್ಯುತ್ತು ತಾಗಿದೊಡನೆ ಎದ್ದು ನಿಲ್ಲುತ್ತವೆ. 1970ರ ಸುಮಾರಿಗೆ ರೂಪುಗೊಂಡ ಈ ವಿಧಾನ ಕ್ಯಾಲ್ಕುಲೇಟರ್, ಕೈಗಡಿಯಾರಗಳಲ್ಲಿಯೂ ಬಳಕೆಗೆ ಬಂತು. ಅಗ್ಗ, ವೇಗವೂ ಹೆಚ್ಚು. ಆದರೆ ಅರ್ಧ ಎದ್ದ ಅಣುಗಳು ಗಾಳಿಗೆ ಬಾಗಿದ ಬತ್ತದ ಪೈರಿನಂತೆ ಒಂದೇ ಕಡೆಗೆ ವಾಲಿರುತ್ತವೆ. ಗದ್ದೆಯ ಒಂದು ಬದುವಿನಿಂದ ನೋಡಿದರೆ ಪೈರು ತಿಳಿಹಸಿರು, ಎದುರು ಬದುವಿನಿಂದ ನೋಡಿದರೆ ಕಡುಹಸಿರು; ಮಲೆನಾಡಿನ ಮಕ್ಕಳಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಟಿಎನ್ ಪರದೆಯನ್ನು ಕೆಳಗಿನಿಂದ ನೋಡಿದವರಿಗೆ ಚಿತ್ರ ಕಪ್ಪಾಗುವುದು ಹೆಚ್ಚುಕಡಿಮೆ ಹೀಗೆಯೇ.

ಇನ್ನೊಂದು ಐಪಿಎಸ್. ಜಪಾನಿನ ಹಿಟಾಚಿ ಸಂಸ್ಥೆ 1990ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ಅಣುಗಳು ಎದ್ದು ನಿಲ್ಲುವುದಿಲ್ಲ. ಪರದೆಗೆ ಸಮಾನಾಂತರವಾಗಿ, ಬೀಸುವ ಕಲ್ಲಿನಂತೆ ಮಲಗಿದಲ್ಲಿಯೇ ತಿರುಗುತ್ತವೆ. ಆದ್ದರಿಂದ ಎಡಬಲ, ಮೇಲುಕೆಳಗು ಎಲ್ಲಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದು. ಇದರ ಕೊರತೆಯೆಂದರೆ ಕಪ್ಪು ಪೂರ್ಣ ಕಪ್ಪಾಗುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಮೂಲೆಗಳು ಸ್ವಲ್ಪ ಬೆಳ್ಳಗೆ ಹೊಳೆಯುತ್ತವೆ.

ಮೂರನೆಯದು ವಿಎ. ವಿದ್ಯುತ್ತಿಲ್ಲದಾಗ ಇದರ ಅಣುಗಳು ನೆಟ್ಟಗೆ ನಿಂತಿರುತ್ತವೆ. ಹಿಂದಿನ ದೀಪ ಚೆನ್ನಾಗಿ ಮರೆಯಾಗುವುದರಿಂದ ಕಪ್ಪು ಗಾಢವಾಗಿರುತ್ತದೆ. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಸಾಮಾನ್ಯವಾಗಿ ಐಪಿಎಸ್‌ನಲ್ಲಿ 1000ಕ್ಕೆ 1 ಇದ್ದರೆ ವಿಎಯಲ್ಲಿ 3000ಕ್ಕೆ 1ರಷ್ಟಿರುತ್ತದೆ. ರಾತ್ರಿ ದೀಪವಾರಿಸಿ ಒಬ್ಬರೇ ಸಿನಿಮಾ ನೋಡುವವರಿಗೆ ಬಲು ಚೆನ್ನ. ಪಕ್ಕದಿಂದ ನೋಡಿದರೆ ಮಾತ್ರ ಚಿತ್ರ ಕೊಂಚ ಪೇಲವವಾಗುತ್ತದೆ. ಒಎಲ್‌ಇಡಿ ಎಂಬ ನಾಲ್ಕನೆಯದೂ ಇದೆ. ಅದರ ಬೆಲೆ ಪಿಂಚಣಿದಾರನ ಮಾತಲ್ಲ.

ಇಷ್ಟು ತಿಳಿದುಕೊಂಡು, ಮಗಳ ಮನೆಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಿಸೆಯಲ್ಲಿ ಹತ್ತು ಸಾವಿರ ರೂಪಾಯಿ, ಜೊತೆಗೆ ಒಂದು ಪೆನ್‌ಡ್ರೈವ್. ಅದರಲ್ಲಿ ಆ ಗುಂಪುಚಿತ್ರ ಮತ್ತು ನಾನೇ ಬರೆದ ಕನ್ನಡದ ಒಂದು ಪುಟ. ಅಂಗಡಿಗಳಲ್ಲಿ ನವಿಲು, ಹೂವು, ಜಲಪಾತಗಳ ಚಿತ್ರಗಳನ್ನು ಪೂರ್ಣ ಪ್ರಖರತೆಯಲ್ಲಿ ಹಾಕಿರುತ್ತಾರೆ. ಅಲ್ಲಿ ಎಲ್ಲ ಪರದೆಗಳೂ ಸುಂದರಿಯರೇ. ನಾವು ದಿನನಿತ್ಯ ನೋಡುವುದನ್ನೇ ಹಾಕಿ ನೋಡಬೇಕು.

ಮೊದಲ ಅಂಗಡಿಯಾತ 27 ಇಂಚಿನದನ್ನು ತೋರಿಸಿ, "ವಯಸ್ಸಾದವರಿಗೆ ದೊಡ್ಡದೇ ಒಳ್ಳೆಯದು, ಸಾರ್" ಎಂದ. ನಾನು ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಪೈಥಾಗೊರಸನ ಪ್ರಮೇಯವನ್ನು ನಿಮಗೆಲ್ಲ ಹೇಳಿಕೊಟ್ಟದ್ದು ವ್ಯರ್ಥವಲ್ಲ! ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಕರ್ಣದ ಮೇಲೆ ಸುಮಾರು 2203 ಚುಕ್ಕೆಗಳು. ಅದನ್ನು 27ರಿಂದ ಭಾಗಿಸಿದರೆ ಇಂಚಿಗೆ 82, 24ರಿಂದ ಭಾಗಿಸಿದರೆ 92. ಚುಕ್ಕೆಗಳ ಸಂಖ್ಯೆ ಅಷ್ಟೇ ಇದ್ದು ಪರದೆ ಮಾತ್ರ ದೊಡ್ಡದಾದರೆ ಅಕ್ಷರವೇನೋ ಹಿಗ್ಗುತ್ತದೆ, ಆದರೆ ಒರಟಾಗುತ್ತದೆ. ಇಂಗ್ಲಿಷಿಗೆ ಇದು ದೊಡ್ಡ ತೊಡಕಲ್ಲ. ನಮ್ಮ ಕನ್ನಡದಲ್ಲಿ 'ರಾಷ್ಟ್ರ', 'ಶಾಸ್ತ್ರ' ಮುಂತಾದ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ಚುಕ್ಕೆ ಒರಟಾದರೆ ಅವು ಕಲೆಸಿಹೋಗುತ್ತವೆ. ಕನ್ನಡ ಓದುವವರು ಇದನ್ನು ಅವಶ್ಯ ಗಮನಿಸಬೇಕು. 27 ಇಂಚೇ ಬೇಕೆಂದರೆ 2560ಕ್ಕೆ 1440 ಚುಕ್ಕೆಗಳದ್ದನ್ನು ಕೊಳ್ಳಬೇಕು, ಅದು ನನ್ನ ಕಿಸೆಗೆ ಮೀರಿದ್ದು.

"ಇದು ಎಲ್‌ಇಡಿ ಮಾನಿಟರ್" ಎಂಬ ಮಾತನ್ನು ಅಲ್ಲಿ ಹಲವು ಸಲ ಕೇಳಿದೆ. ಎಲ್‌ಇಡಿ ಎಂಬುದು ಹಿಂದಿರುವ ದೀಪದ ಹೆಸರು, ಪ್ಯಾನೆಲಿನ ಜಾತಿಯಲ್ಲ. ಟಿಎನ್, ಐಪಿಎಸ್, ವಿಎ ಮೂರರ ಹಿಂದೆಯೂ ಎಲ್‌ಇಡಿ ದೀಪವೇ ಇರಬಹುದು. ಹಾಗೆಯೇ ಪೆಟ್ಟಿಗೆಯ ಮೇಲೆ ಕೋಟಿಗೆ ಒಂದೆಂದು ಮುದ್ರಿಸಿರುವ 'ಡೈನಮಿಕ್' ಅನುಪಾತವನ್ನು ನಂಬಿ ಯಾರೂ ಹಣ ಕೊಡಬೇಡಿ.

ಎರಡನೆಯ ಅಂಗಡಿಯಲ್ಲಿ 24 ಇಂಚಿನ ಒಂದು ವಿಎ, ಒಂದು ಐಪಿಎಸ್ ಅಕ್ಕಪಕ್ಕದಲ್ಲಿದ್ದವು. ವಿಎ ನೂರು ರೂಪಾಯಿ ಕಡಿಮೆ, ನೋಡಲು ಬಾಗಿದ ಸೊಗಸಾದ ಪರದೆ. ನೇರ ನಿಂತು ನೋಡಿದಾಗ ಗುಂಪುಚಿತ್ರ ಅದರಲ್ಲಿಯೇ ಹೆಚ್ಚು ಚೆನ್ನಾಗಿ ಕಂಡಿತೆಂದು ಒಪ್ಪಿಕೊಳ್ಳಬೇಕು. ಆಮೇಲೆ ನಾನು ಒಂದು ಮೊಣಕಾಲೂರಿ, ಬಲಕ್ಕೆ ವಾಲಿ, ನಮ್ಮ ದಿವಾನದ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದೆ. ಅಂಗಡಿಯ ಹುಡುಗ, "ಏನು ಬಿದ್ದುಹೋಯಿತು, ಸಾರ್?" ಎಂದು ಕೇಳಿದ. ನನ್ನ ಪತ್ನಿ ಕೂರುವ ಜಾಗದಿಂದ ನೋಡುತ್ತಿದ್ದೇನೆಂದೆ. ಅವನು ನಕ್ಕ. ಆಮೇಲೆ ತಾನೂ ಬಗ್ಗಿ ನೋಡಿ, "ಹೌದು ಸಾರ್, ಐಪಿಎಸ್ ತೊಗೊಳ್ಳಿ" ಎಂದ. ಹೊಳಪಿಲ್ಲದ, ಮಂಕು ಮೇಲ್ಮೈಯ ಆ ಪರದೆಯನ್ನು ಒಂಬತ್ತು ಸಾವಿರದೊಳಗೆ ಕೊಂಡುಕೊಂಡೆ. ನಮ್ಮ ಕೋಣೆಗೆ ಪೂರ್ವದ ಕಿಟಕಿಯಿರುವುದರಿಂದ ಮಂಕು ಮೇಲ್ಮೈಯೇ ಬೇಕಿತ್ತು.

ಮನೆಗೆ ತಂದ ಮೇಲೆ ಒಂದು ತಪ್ಪು ತಿಳಿಯಿತು. ಅದರ ಕಾಲನ್ನು ಎತ್ತರ ತಗ್ಗು ಮಾಡಲು ಬರುವುದಿಲ್ಲ. ನನ್ನದು ಎರಡು ದೃಷ್ಟಿಯ ಕನ್ನಡಕ. ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡಬೇಕು. ಪರದೆ ಎತ್ತರದಲ್ಲಿದ್ದರೆ ಗಲ್ಲವೆತ್ತಿ ಕುಳಿತು ಕತ್ತು ನೋಯುತ್ತದೆ. ನಾಲ್ಕು ದಿನ ಅನುಭವಿಸಿ, ಕೊನೆಗೆ ತಗ್ಗಿನ ಮೇಜಿಗೆ ಅದನ್ನು ವರ್ಗಾಯಿಸಿದೆ. ನೀವು ಕೊಳ್ಳುವಾಗ ಕಾಲನ್ನೂ ನೋಡಿಕೊಳ್ಳಿ.

ಈಗ ಆ ಹಳೆಯ ಪಾಠದ ವಿಷಯ. ಹೊಸ ಪರದೆಯಲ್ಲಿ ಗುಂಪುಚಿತ್ರ ತೆರೆದಾಗ ನನ್ನ ಪತ್ನಿ ದಿವಾನದ ಮೇಲಿನಿಂದಲೇ ಹಿಂದಿನ ಸಾಲಿನ ಬಲತುದಿಯಲ್ಲಿದ್ದ ಹುಡುಗನನ್ನು ತೋರಿಸಿ, "ನೀವು ಬೈದದ್ದಕ್ಕೆ ಪಾಠಕ್ಕೆ ಬರುವುದನ್ನೇ ಬಿಟ್ಟ ಹುಡುಗ ಇವನಲ್ಲವೇ?" ಎಂದಳು.

ನನಗೆ ಥಟ್ಟನೆ ನೆನಪಾಯಿತು. ಆ ವರ್ಷ ನಾನು ಬಿಸಿಲಿನಿಂದಲೇ ನಡೆಯುವ ಒಂದು ಕ್ಯಾಲ್ಕುಲೇಟರನ್ನು ತರಗತಿಗೆ ಒಯ್ದಿದ್ದೆ. ಮಕ್ಕಳಿಗೆ ಅದೊಂದು ಅದ್ಭುತ. ಎಲ್ಲರೂ ನನ್ನ ಬೆನ್ನ ಹಿಂದೆ ಮುತ್ತಿಕೊಂಡು ನೋಡುತ್ತಿದ್ದಾಗ, ಮೇಜಿನ ಆಚೆ ಬದಿಯಲ್ಲಿ ನಿಂತಿದ್ದ ಆ ಹುಡುಗ, "ಸಾರ್, ನನಗೆ ಅಂಕಿಯೇ ಕಾಣುವುದಿಲ್ಲ" ಎಂದ. "ಕಣ್ಣು ಪರೀಕ್ಷೆ ಮಾಡಿಸಿಕೋ" ಎಂದೆ. ಎಲ್ಲರೂ ನಕ್ಕರು. ಅವನು ಈ ಬದಿಗೆ ಬಂದು ನೋಡಿ, "ಇಲ್ಲಿಂದ ಕಾಣುತ್ತದೆ, ಅಲ್ಲಿಂದ ಕಾಣುವುದಿಲ್ಲ. ಯಾಕೆ ಸಾರ್?" ಎಂದು ಕೇಳಿದ. ಅದು ಆ ದಿನದ ಅತ್ಯುತ್ತಮ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಲಗೆ ಬಾರದೆ, "ಪಠ್ಯದಲ್ಲಿ ಇರುವುದನ್ನು ಮೊದಲು ಓದು" ಎಂದು ಗದರಿಸಿ ಕೂರಿಸಿದೆ.

ಆ ಪ್ರಶ್ನೆಗೆ ಸಂಬಂಧಿಸಿದ ಕೆಲಸ ನಮ್ಮ ನಾಡಿನಲ್ಲಿಯೇ ನಡೆದಿತ್ತೆಂಬುದು ಈಗ ಓದುವಾಗ ತಿಳಿದು ಇನ್ನಷ್ಟು ನಾಚಿಕೆಯಾಯಿತು. 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ತಟ್ಟೆಯಂಥ ಅಣುಗಳೂ ನಾಣ್ಯ ಪೇರಿಸಿದಂತೆ ಜೋಡಿಸಿಕೊಂಡು ದ್ರವಹರಳಾಗುತ್ತವೆಂದು ಅವರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ತೋರಿಸಿಕೊಟ್ಟರು. ಅಂಥ ತಟ್ಟೆಯಾಕಾರದ ಅಣುಗಳ ಹಾಳೆಯನ್ನೇ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ತಯಾರಿಸಿತು. ಅದನ್ನು ಟಿಎನ್ ಪರದೆಗಳಿಗೆ ಅಂಟಿಸಿದ್ದು ಏತಕ್ಕೆ ಬಲ್ಲಿರಾ? ಪಕ್ಕದಲ್ಲಿ ಕುಳಿತವರಿಗೂ ಚಿತ್ರ ಕಾಣಲಿ ಎಂದು! ನಾನು ಆ ಹುಡುಗನನ್ನು ಗದರಿಸುವುದಕ್ಕೆ ಒಂಬತ್ತು ವರ್ಷ ಮೊದಲೇ ಬೆಂಗಳೂರಿನಲ್ಲಿ ಅದರ ಬೀಜ ಬಿದ್ದಿತ್ತು. ಒಂದು ಪತ್ರ ಬರೆದು ಕೇಳಿದ್ದರೂ ಯಾರಾದರೂ ಉತ್ತರಿಸುತ್ತಿದ್ದರೇನೋ. ನಾನು ಬರೆಯಲಿಲ್ಲ.

ಮೂವತ್ತೆರಡು ವರ್ಷ ನಾನು ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡಿದೆ. ಕಿಟಕಿಯ ಪಕ್ಕದ ಬೆಂಚಿನವರು ಹಲಗೆ ಹೊಳೆಯುತ್ತದೆ, ಅಕ್ಷರ ಕಾಣುವುದಿಲ್ಲ ಎಂದಾಗಲೆಲ್ಲ "ಗಮನವಿಟ್ಟು ನೋಡಿ" ಎಂದೆ. ಒಂದು ದಿನವೂ ಆ ಬೆಂಚಿನಲ್ಲಿ ಕುಳಿತು ನೋಡಲಿಲ್ಲ. ಮನೆಯಲ್ಲಿಯೂ ಹದಿನಾಲ್ಕು ವರ್ಷ ದಿವಾನದ ಮೇಲೆ ಕುಳಿತು ನೋಡಲಿಲ್ಲ.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥನಾಗಿರಬೇಕು. ಎಲ್ಲಿದ್ದಾನೋ ಗೊತ್ತಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. 1986ರ ತಂಡದವರಾದ ನಿಮಗೆ ಯಾರೆಂದು ತಿಳಿದೇ ತಿಳಿಯುತ್ತದೆ. ದಯವಿಟ್ಟು ಈ ಬರಹವನ್ನು ಅವನಿಗೆ ತಲುಪಿಸಿ. ಮಗೂ, ಅಂದು ನಿನ್ನ ಕಣ್ಣು ಸರಿಯಾಗಿತ್ತು. ನಿನ್ನ ಪ್ರಶ್ನೆಗೆ ಉತ್ತರ ಮೇಲೆ ಬರೆದಿದ್ದೇನೆ, ಬಹಳ ತಡವಾಯಿತು. ಮೈಸೂರಿನ ಕಡೆ ಬಂದರೆ ಮನೆಗೆ ಬಾ. ಮಜ್ಜಿಗೆ ಇರುತ್ತದೆಂದು ಹೇಳಲು ನಿಮ್ಮ ಅಮ್ಮನವರು ದಿವಾನದ ಮೇಲಿನಿಂದ, ಈ ಸಾಲುಗಳನ್ನು ಓದುತ್ತಲೇ, ಹೇಳುತ್ತಿದ್ದಾರೆ.

ಎಲ್ಲರಿಗೂ ಶುಭವಾಗಲಿ.