ಹಸಿ ಆರದ ಬಟ್ಟಲು

ನಮ್ಮಿಬ್ಬರ ಊರುಗಳು ಬೇರೆ ಬೇರೆ. ಒಬ್ಬರದು ತುಮಕೂರಿನ ಕಡೆ, ಇನ್ನೊಬ್ಬರದು ಚಿತ್ರದುರ್ಗದ ಕಡೆ. ಆದರೆ ಇಬ್ಬರ ಅಮ್ಮಂದಿರೂ ಮಡಕೆ ಕೊಳ್ಳುತ್ತಿದ್ದ ರೀತಿ ಮಾತ್ರ ಒಂದೇ. ಸಂತೆಯಲ್ಲಿ ಹುಲ್ಲು ಹಾಸಿ ಜೋಡಿಸಿಟ್ಟ ಮಡಕೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಬುರ್ಖಾದ ತೋಳನ್ನು ಮೇಲೇರಿಸಿ, ಬೆರಳ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ ನೋಡುತ್ತಿದ್ದರು. ಟಣ್ ಎಂದರೆ ಗಟ್ಟಿ ಮಡಕೆ. ಬದ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ಆಮೇಲೆ ಚೌಕಾಸಿ ಶುರು. "ಮಣ್ಣಿಗೂ ಇಷ್ಟು ದುಡ್ಡಾ?" ಎನ್ನುವುದು ಅವರ ಕೊನೆಯ ಅಸ್ತ್ರ. ಕುಂಬಾರರ ಹೆಂಗಸು ಅದಕ್ಕೆ ಉತ್ತರ ಕೊಡದೆ ಎರಡು ರೂಪಾಯಿ ಇಳಿಸುತ್ತಿದ್ದಳು. ಮನೆಗೆ ಬಂದ ಮಡಕೆ ಒಂದು ರಾತ್ರಿ ನೀರಲ್ಲಿ ನೆನೆಯುತ್ತಿತ್ತು. ಮೊದಲ ದಿನದ ನೀರು ಗಿಡಕ್ಕೆ, ಎರಡನೆಯ ದಿನದ್ದು ನಮಗೆ.

ಆ ನೀರು ಏಕೆ ತಣ್ಣಗಿರುತ್ತದೆ ಎಂದು ನಮಗೆ ಹೇಳಿಕೊಟ್ಟದ್ದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಡಕೆಯ ಮೈಯಲ್ಲಿ ಸಣ್ಣ ರಂಧ್ರಗಳಿವೆ, ಅವುಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಅದುವರೆಗೆ ಉರ್ದು ಶಾಲೆಯಲ್ಲಿ ಓದಿ ಆಗತಾನೇ ಕನ್ನಡಕ್ಕೆ ಬಂದಿದ್ದ ನಮಗೆ ಆ ಪಾಠ ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. ಮಡಕೆಯ ಬಗ್ಗೆ ನಮಗಿದ್ದ ತಿಳಿವಳಿಕೆ ನಲವತ್ತು ದಾಟುವವರೆಗೂ ಅಷ್ಟೇ. ತಟ್ಟಿ ನೋಡುವುದು, ಬೆಲೆ ಇಳಿಸುವುದು, ತಣ್ಣಗೆ ಕುಡಿಯುವುದು. ಕೊಳ್ಳುವವರಿಗೆ ಇದಕ್ಕಿಂತ ಹೆಚ್ಚು ಯಾಕೆ ಬೇಕು?

ಬೆಂಗಳೂರಿನಲ್ಲಿ ಬೆನ್ಸನ್ ಟೌನ್ ಪಕ್ಕದಲ್ಲಿ ಪಾಟರಿ ಟೌನ್ ಎಂಬ ಕುಂಬಾರರ ಕೇರಿಯಿದೆ. ಗಣೇಶನ ಹಬ್ಬಕ್ಕೆ ಮೂರ್ತಿಗಳು, ದೀಪಾವಳಿಗೆ ಹಣತೆಗಳು, ಬೇಸಿಗೆಗೆ ಮಡಕೆಗಳು ಅಲ್ಲಿ ಸಾಲಾಗಿ ಒಣಗುತ್ತವೆ. ಮೆಟ್ರೋದ ಗುಲಾಬಿ ಮಾರ್ಗದ ನಕ್ಷೆಯಲ್ಲಿ ನೆಲದಡಿಯ ಒಂದು ನಿಲ್ದಾಣಕ್ಕೆ ಅದೇ ಹೆಸರು. ಅದರ ಮುಂದಿನ ನಿಲ್ದಾಣ ಟ್ಯಾನರಿ ರೋಡ್. ಮಣ್ಣು ಮುಟ್ಟಿದವರ ಪಕ್ಕದಲ್ಲೇ ಚರ್ಮ ಹದ ಮಾಡಿದವರು. ನಗರ ತನ್ನ ಕೈಕೆಲಸದವರನ್ನು ಮರೆತರೂ ಫಲಕಗಳು ಮರೆತಿಲ್ಲ. ನಮ್ಮ ಮನೆಯಿಂದ ಶಿವಾಜಿನಗರಕ್ಕೆ ಹೋಗಿಬರುವಾಗಲೆಲ್ಲ ಆ ಕೇರಿಯನ್ನು ಆಟೋದಿಂದಲೇ ನೋಡುತ್ತಿದ್ದೆವು.

ಆ ಕೇರಿಯಿಂದ ಬಹಳ ದೂರವಿಲ್ಲದ ಒಂದು ಬಡಾವಣೆಯಲ್ಲಿ, ದುಡ್ಡು ಕೊಟ್ಟರೆ ಯಾರು ಬೇಕಾದರೂ ಬಂದು ಮಣ್ಣಿನ ಕೆಲಸ ಕಲಿಯಬಹುದಾದ ಒಂದು ಸ್ಟುಡಿಯೋ ಇದೆ. 2024ರ ನವೆಂಬರ್‌ನಲ್ಲಿ ನಾವು ಅಲ್ಲಿಗೆ ಹೋಗತೊಡಗಿದೆವು. ನಾವು ಎಂದರೆ ನಾವಿಬ್ಬರು ಮತ್ತು ಹನ್ನೊಂದು ವರ್ಷದ ಮಗಳು. ಅವಳ ಹಟಕ್ಕೆ ಹೋದದ್ದು ಎಂದು ಹೇಳಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ನಮಗೂ ಆಸೆಯಿತ್ತು. ಕತೆ ಬರೆಯುವ ಮನೆ ನಮ್ಮದು. ಉರ್ದು ಓದುವಾಗ ಖಯ್ಯಾಮನ ರುಬಾಯಿಗಳಲ್ಲಿ ಕುಂಬಾರನ ಅಂಗಡಿ ಹೊಕ್ಕವರು, ನೂನ್ ಮೀಮ್ ರಾಶಿದರ ಹಸನ್ ಕೂಜಾಗರ್ ಎಂಬ ಬಗ್ದಾದಿನ ಕುಂಬಾರನ ಸಂಕಟಕ್ಕೆ ಮನಸೋತವರು. ಕನ್ನಡಕ್ಕೆ ಬಂದ ಮೇಲೆ ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಸಿಕ್ಕಿದ. ಅವನು ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದ. ಮನುಷ್ಯ ಮಣ್ಣಿನಿಂದ ಆದವನು, ಮಣ್ಣಿಗೇ ಹೋಗುವವನು ಎಂದು ಎರಡೂ ಭಾಷೆಗಳಲ್ಲಿ ಬಾಯಿಪಾಠ ಮಾಡಿದ್ದ ನಾವು, ಮಣ್ಣನ್ನು ಒಮ್ಮೆಯೂ ನಾದಿರಲಿಲ್ಲ.

ಅಲ್ಲಿ ಕಲಿಸುವವರು ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಕುಂಬಾರರ ಮನೆಯವರೇ. ಅವರ ಕನ್ನಡದಲ್ಲಿ ತಮಿಳಿನ ಎಳೆತ. ನಮ್ಮಲ್ಲಿ ಒಬ್ಬರಿಗೆ 'ಭಾಯ್', ಇನ್ನೊಬ್ಬರಿಗೆ 'ಅಕ್ಕಾ', ಮಗಳಿಗೆ 'ಪಾಪಾ'. ಮೊದಲ ಮೂರು ವಾರ ತಿಗರಿಯ ಹತ್ತಿರಕ್ಕೂ ಬಿಡಲಿಲ್ಲ. ಮಣ್ಣು ನಾದಿಸಿದರು. ಒಳಗೆ ಗಾಳಿ ಉಳಿಯಬಾರದು, ಒಂದು ಕಡೆ ಗಟ್ಟಿ ಒಂದು ಕಡೆ ಮೆದು ಇರಬಾರದು. ಚಪಾತಿ ಹಿಟ್ಟಿನ ಹಾಗೆ ಅಂದುಕೊಂಡಿದ್ದೆವು. ಹತ್ತು ನಿಮಿಷಕ್ಕೆ ಭುಜ ಇಳಿದುಹೋಯಿತು. ಕೊನೆಗೂ ತಿಗರಿಯ ಮುಂದೆ ಕೂತರೆ ಮಣ್ಣಿನ ಮುದ್ದೆ ನಡುಮಧ್ಯಕ್ಕೆ ಬರಲೊಲ್ಲದು. ಮೇಸ್ತ್ರಿ ಕಿರುಬೆರಳಿಟ್ಟರೆ ಸುಮ್ಮನಾಗುವ ಮುದ್ದೆ, ನಮ್ಮ ನಾಲ್ಕು ಕೈಗಳಿಗೆ ಜಗ್ಗುತ್ತಿರಲಿಲ್ಲ. "ಮಣ್ಣಿಗೂ ಇಷ್ಟು ದುಡ್ಡಾ?" ಎಂದ ಅಮ್ಮಂದಿರ ಮಾತು ಆಗ ನೆನಪಾಗಿ ಇಬ್ಬರೂ ತಲೆ ಎತ್ತದೆ ನಕ್ಕೆವು.

ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಎಲ್ಲ ತರದವರೂ ಇದ್ದರು. ಒಂದೇ ದಿನ ಬಂದು, ಕೈಗೆ ಮಣ್ಣು ಮೆತ್ತಿಕೊಂಡು ಫೋಟೋ ತೆಗೆಸಿಕೊಂಡು, ಮಾಡಿದ್ದನ್ನು ಒಯ್ಯಲು ಮತ್ತೆ ಬಾರದವರು. ಅಂಥವರ ಬಟ್ಟಲುಗಳಿಗೆಂದೇ ಮೂಲೆಯಲ್ಲಿ ಒಂದು ಕಪಾಟಿತ್ತು. "ನಾವು ಮಾಡಿದ್ದು ದೊಡ್ಡದಿತ್ತು, ನೀವು ಸಣ್ಣದು ಕೊಟ್ಟಿದ್ದೀರಿ" ಎಂದು ಜಗಳ ತೆಗೆದವರೂ ಇದ್ದರು. ಒಣಗಿ ಬೆಂದ ಮಣ್ಣು ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ ಎಂದು ಮೇಸ್ತ್ರಿ ಪ್ರತಿಸಲವೂ ಅಷ್ಟೇ ತಾಳ್ಮೆಯಿಂದ ಹೇಳುತ್ತಿದ್ದರು. ಬಣ್ಣ ತಾನು ಅಂದುಕೊಂಡ ಹಾಗೆ ಬಂದಿಲ್ಲ ಎಂದು ದುಡ್ಡು ವಾಪಸ್ಸು ಕೇಳಿದ ಒಬ್ಬ ಹುಡುಗನಿದ್ದ. ಎಲ್ಲರ ಬಾಯಲ್ಲೂ ಒಂದು ಮಾತು ಮಾತ್ರ ಇತ್ತು: "ದುಡ್ಡು ಕೊಟ್ಟಿದ್ದೇವಲ್ಲ."

ಇವರ ನಡುವೆ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು 'ಟೀಚರ್' ಎನ್ನುತ್ತಿದ್ದರು. ಲಕ್ವ ಹೊಡೆದು ಬಲಗೈ ಅರ್ಧ ಸ್ವಾಧೀನ ತಪ್ಪಿತ್ತು. ಬೆರಳುಗಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಬರುತ್ತಿದ್ದರು. ನವೆಂಬರ್‌ನಿಂದ ಫೆಬ್ರವರಿವರೆಗೆ ಅವರು ಒಂದೇ ಒಂದು ಲೋಟದ ಹಿಂದೆ ಬಿದ್ದಿದ್ದರು. ಎಷ್ಟೋ ಸಲ ಗೋಡೆ ಬಾಗಿ ಕುಸಿಯಿತು. ಕುಸಿದದ್ದನ್ನು ನೀರಿಗೆ ಹಾಕಿ ಮತ್ತೆ ನಾದಿಸಿಕೊಂಡು ಕೂರುತ್ತಿದ್ದರು. ಬೇಯದ ಮಣ್ಣಿನ ಗುಣವೇ ಅದು. ಎಷ್ಟು ಸಲ ಮುರಿದರೂ ನೀರು ಹಾಕಿದರೆ ಮತ್ತೆ ಮಣ್ಣೇ. ಕೊನೆಗೆ ಫೆಬ್ರವರಿಯಲ್ಲಿ ಲೋಟ ನಿಂತಿತು. ಬಾಯಿ ಸ್ವಲ್ಪ ಸೊಟ್ಟ, ಮೈಮೇಲೆ ಐದು ಬೆರಳಿನ ಗುರುತು. "ಈ ಕೈ ಇನ್ನೂ ನನ್ನದೇ ಅಂತ ಗೊತ್ತಾಯ್ತು" ಎಂದರು ಟೀಚರ್. ನಮ್ಮ ಮಗಳು ಚಪ್ಪಾಳೆ ತಟ್ಟಿದಳು.

ನಮ್ಮದೂ ಒಂದು ಬಟ್ಟಲು ತಯಾರಾಗಿತ್ತು. ತಿಗರಿ ನಮಗೆ ಒಲಿಯದಿದ್ದರಿಂದ ಮಣ್ಣನ್ನು ಬತ್ತಿಯ ಹಾಗೆ ಉದ್ದಕ್ಕೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ ಮೂವರೂ ಸೇರಿ ಮಾಡಿದ ಅಗಲವಾದ ಬಟ್ಟಲು. ಎಲ್ಲಿ ಕುಸಿಯುತ್ತದೋ ಎಂಬ ಹೆದರಿಕೆಗೆ ತಳವನ್ನು ದಪ್ಪಗೆ ಬಿಟ್ಟಿದ್ದೆವು. 2025ರ ಮಾರ್ಚ್ 2ಕ್ಕೆ ಮೊದಲ ರೋಜಾ. ಆ ಸಂಜೆ ದಸ್ತರ್‌ಖಾನಿನ ನಡುವೆ ನಮ್ಮದೇ ಬಟ್ಟಲಲ್ಲಿ ಖರ್ಜೂರ, ಹಣ್ಣು ಇರಬೇಕು ಎಂದು ಮಗಳು ನೆಂಟರಿಗೆಲ್ಲ ಹೇಳಿಬಿಟ್ಟಿದ್ದಳು.

ಫೆಬ್ರವರಿಯ ಕೊನೆಯ ವಾರ ಆವಿಗೆ ತುಂಬುವ ದಿನ. ಹಳೆಯ ಕಾಲದ ಸೌದೆಯ ಆವಿಗೆ ಅಲ್ಲ, ಕರೆಂಟಿನದು. ಆದರೆ ಪದ್ಧತಿ ಹಳೆಯದೇ. ಎಲ್ಲ ಗಿರಾಕಿಗಳ ಸಾಮಾನೂ ಒಟ್ಟಿಗೆ ಬೇಯಬೇಕು. ಮೇಸ್ತ್ರಿ ನಮ್ಮ ಬಟ್ಟಲನ್ನು ಎತ್ತಿ ಅದರ ತಳವನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ.

"ತಣ್ಣಗಿದೆ ಭಾಯ್. ಒಳಗೆ ಹಸಿ ಇದೆ. ಮುಂದಿನ ಸಲ ಇಡೋಣ."

ಮುಂದಿನ ಸಲ ಎಂದರೆ ಇನ್ನೂ ಎರಡು ಮೂರು ವಾರ. ನಾವು ರಮ್ಜಾನಿನ ಮಾತು ಹೇಳಿದೆವು. ಮಗಳ ಮುಖ ತೋರಿಸಿದೆವು. ಅವರು ತಲೆಯಾಡಿಸಿದರು. ಆಗ ನಮ್ಮ ಬಾಯಿಂದಲೂ ಅದೇ ಮಾತು ಬಂತು. "ಮೂರು ತಿಂಗಳ ದುಡ್ಡು ಕೊಟ್ಟಿದ್ದೇವಲ್ಲ ಮೇಸ್ತ್ರೀ." ಇಬ್ಬರಲ್ಲಿ ಯಾರು ಹೇಳಿದ್ದು ಎನ್ನುವುದು ಮುಖ್ಯವಲ್ಲ. ಒಬ್ಬರು ಹೇಳಿದರು, ಇನ್ನೊಬ್ಬರು ಬೇಡ ಎನ್ನಲಿಲ್ಲ. ಮೇಸ್ತ್ರಿ ಒಂದು ಗಳಿಗೆ ಸುಮ್ಮನಿದ್ದು, ಬಟ್ಟಲನ್ನು ಒಳಗಿಟ್ಟರು. ಸಂತೆಯಲ್ಲಿ ಎರಡು ರೂಪಾಯಿ ಇಳಿಸುತ್ತಿದ್ದ ಹೆಂಗಸಿನ ಮೌನವೂ ಅಂಥದ್ದೇ ಇತ್ತೇನೋ.

ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ದಪ್ಪ ತಳದೊಳಗೆ ಸಿಕ್ಕಿಕೊಂಡ ಹಸಿಗೆ ಹೊರಬರಲು ದಾರಿ ಸಿಗದಿದ್ದರೆ ಅದು ಬಟ್ಟಲನ್ನೇ ಸೀಳುತ್ತದೆ. ನಮ್ಮ ಬಟ್ಟಲು ಆವಿಗೆಯೊಳಗೆ ಸಿಡಿಯಿತು. ಸಿಡಿದ ಚೂರು ಪಕ್ಕದಲ್ಲಿದ್ದ ಟೀಚರ್ ಲೋಟಕ್ಕೆ ಬಡಿಯಿತು.

ಆ ಭಾನುವಾರ ಹೋದಾಗ ಆವಿಗೆಯ ಬಾಗಿಲು ತೆರೆದಿತ್ತು. ಲೋಟ ಮೂರು ಹೋಳಾಗಿತ್ತು. ಬಿರುಕು ಸರಿಯಾಗಿ ಬೆರಳಿನ ಗುರುತುಗಳ ಮೇಲೆ ಹಾದುಹೋಗಿತ್ತು. ಟೀಚರ್ ಅವನ್ನು ಅಂಗೈಯಲ್ಲಿಟ್ಟುಕೊಂಡು, "ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತಾ?" ಎಂದು ಕೇಳಿದರು. ಮೇಸ್ತ್ರಿ ಇಲ್ಲ ಎಂದರು. ಸುಮಾರು 600 ಡಿಗ್ರಿ ಬಿಸಿ ದಾಟಿದ ಮಣ್ಣು ಮತ್ತೆ ಮಣ್ಣಾಗಲಾರದು. ಆಗ ಟೀಚರ್‌ಗೆ ಸಿಟ್ಟು ಬಂತು. ಮೂರು ತಿಂಗಳ ಸಿಟ್ಟು. "ಇಷ್ಟು ವರ್ಷದ ಅನುಭವ ಅಂತೀರಿ, ಹಸಿ ಯಾವುದು ಒಣಗಿದ್ದು ಯಾವುದು ಗೊತ್ತಾಗಲ್ವಾ?" ಉಳಿದವರೂ ದನಿ ಸೇರಿಸಿದರು. ಇಂಥವರಿಗೆ ಜವಾಬ್ದಾರಿ ಇಲ್ಲ ಎಂದರು ಯಾರೋ.

ಮೇಸ್ತ್ರಿ ನಮ್ಮ ಕಡೆ ನೋಡಲಿಲ್ಲ. "ನನ್ನದೇ ತಪ್ಪು ಅಮ್ಮಾ" ಎಂದರು. ಸಿಡಿದ ಬಟ್ಟಲು ಯಾರದು ಎಂದು ಯಾರೂ ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನಾವು ಅಲ್ಲೇ ನಿಂತಿದ್ದೆವು. ಬಾಯಿ ತೆರೆದರೆ ಒಂದು ವಾಕ್ಯದ ಕೆಲಸ. ನಾವು ಬಾಯಿ ತೆರೆಯಲಿಲ್ಲ. ಆಟೋದಲ್ಲಿ ಮಗಳು ಕೇಳಿದಳು, "ಅದು ನಮ್ಮ ಬಟ್ಟಲೇ ಅಲ್ವಾ?" ಟ್ರಾಫಿಕ್ಕಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ನಾವು ಹೊರಗೆ ನೋಡಿದೆವು.

ರಮ್ಜಾನ್ ಬಂತು. ಸ್ಟೀಲಿನ ತಟ್ಟೆಯಲ್ಲೇ ಖರ್ಜೂರ ಬಂತು. ಎರಡು ಭಾನುವಾರ ರೋಜಾದ ನೆಪ ಹೇಳಿ ನಾವು ಸ್ಟುಡಿಯೋ ಕಡೆ ಹೋಗಲಿಲ್ಲ. ಹಸಿವು ಬಾಯಾರಿಕೆ ತಡೆಯುವುದು ನಮಗೆ ಚಿಕ್ಕಂದಿನಿಂದ ರೂಢಿ, ಅದರಲ್ಲಿ ದೊಡ್ಡ ಮಾತೇನೂ ಇಲ್ಲ. ಬಾಯಲ್ಲಿ ಬರಬೇಕಾದ ಮಾತನ್ನು ತಡೆದುಕೊಂಡು ಇಫ್ತಾರಿಗೆ ಕೂರುವುದು ಮಾತ್ರ ದಿನದಿನಕ್ಕೆ ಕಷ್ಟವಾಯಿತು. ಈ ನಡುವೆ ಸ್ಟುಡಿಯೋದ ಸಹಾಯಕ ಹುಡುಗ ಬೀದಿಯಲ್ಲಿ ಸಿಕ್ಕಿ, ಮಾಲೀಕರು ಮೇಸ್ತ್ರಿಯ ಆ ಭಾನುವಾರದ ಕೂಲಿ ಹಿಡಿದುಕೊಂಡರು ಎಂದ. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಹಸಿ ಇದ್ದದ್ದು ನಮ್ಮ ಬಟ್ಟಲು. ಒಡೆದದ್ದು ಒಬ್ಬರ ಲೋಟ. ದಂಡ ತೆತ್ತದ್ದು ಇನ್ನೊಬ್ಬರು.

ಮೂರನೆಯ ಭಾನುವಾರ ಮೂವರೂ ಹೋದೆವು. ಎಲ್ಲರೂ ಇದ್ದಾಗಲೇ ಹೇಳಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೆವು, ಯಾಕೆಂದರೆ ಮೇಸ್ತ್ರಿ ಬೈಸಿಕೊಂಡದ್ದು ಎಲ್ಲರ ಮುಂದೆ. ಹೇಳಿದೆವು. ಹಸಿ ಇದೆ ಎಂದು ಅವರು ಹೇಳಿದ್ದರು, ಒತ್ತಾಯ ಮಾಡಿದವರು ನಾವು ಎಂದೆವು.

ಟೀಚರ್ 'ಪರವಾಗಿಲ್ಲ' ಎನ್ನಲಿಲ್ಲ. ನಾವು ಅದನ್ನು ನಿರೀಕ್ಷಿಸಿದ್ದೆವು ಎಂದು ಆಗ ತಿಳಿಯಿತು. "ಆವತ್ತೇ ಹೇಳಬೇಕಿತ್ತು" ಎಂದರು. "ಲೋಟ ಹೋಯ್ತು, ಹೋಗಲಿ. ನೀವು ಸುಮ್ಮನಿದ್ದಿದ್ದಕ್ಕೆ ನಾನು ಈ ಮನುಷ್ಯನಿಗೆ ಏನೇನು ಅಂದೆ!" ಮೇಸ್ತ್ರಿಯ ಕಡೆ ತಿರುಗಿ ಎಡಗೈಯಿಂದ ಬಲಗೈ ಎತ್ತಿ ಕೈಮುಗಿದರು. ಮೇಸ್ತ್ರಿಗೆ ಇದೆಲ್ಲ ಮುಜುಗರ. "ಬಿಡಿ ಅಮ್ಮಾ. ಗಿರಾಕಿ ಕೇಳಿದ್ರು ಅಂತ ಇಟ್ಟವನು ನಾನು ತಾನೇ" ಎನ್ನುತ್ತ ಒಳಗೆ ಹೋದರು. ಹಿಡಿದಿದ್ದ ಕೂಲಿಯನ್ನು ಮಾಲೀಕರ ಹತ್ತಿರ ಮಾತಾಡಿ ನಾವು ತುಂಬಿದೆವು. ದುಡ್ಡು ತುಂಬುವುದು ಎಲ್ಲಕ್ಕಿಂತ ಸುಲಭದ ಭಾಗವಾಗಿತ್ತು.

ಗುಂಡಯ್ಯನ ಮಡಕೆಯ ಸದ್ದಿಗೆ ಶಿವ ಕುಣಿದ ಕತೆ ಈಗಲೂ ನಮಗೆ ಪ್ರಿಯವೇ. ಹಸನ್ ಕೂಜಾಗರ್‌ನ ಸಂಕಟಕ್ಕೆ ಈಗಲೂ ಕಣ್ಣು ತೇವವಾಗುತ್ತದೆ. ಆದರೆ ಮಣ್ಣಿನ ಉಪಮೆ ಹೊಸೆಯಲು ಈಗ ಮೊದಲಿನ ಧೈರ್ಯವಿಲ್ಲ. ನಮ್ಮ ಬಟ್ಟಲು ನಮ್ಮದು, ಒಡೆದರೆ ನಮಗೇ ನಷ್ಟ ಎಂದು ಅಂದುಕೊಂಡಿದ್ದೆವು. ಆವಿಗೆ ಹಾಗೆ ಅಂದುಕೊಂಡಿರಲಿಲ್ಲ.

ಆಮೇಲೆ ಭಾನುವಾರಗಳಲ್ಲಿ ಟೀಚರ್‌ಗೆ ಮಣ್ಣು ನಾದಿಕೊಡುವ ಕೆಲಸ ನಮ್ಮದಾಯಿತು. ಅವರು ಬೇಡವೆನ್ನಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ಈದ್ ಕಳೆಯಿತು, ಬೇಸಿಗೆ ಕಳೆಯಿತು. ಜೂನ್‌ನಲ್ಲಿ ಆವಿಗೆ ತುಂಬುವ ದಿನ ಅವರ ಎರಡನೆಯ ಲೋಟವೂ ನಮ್ಮ ಎರಡನೆಯ ಬಟ್ಟಲೂ ಒಣಗಿ ಕೂತಿದ್ದವು. ಈ ಸಲ ತಳ ತೆಳ್ಳಗಿತ್ತು. ಮೇಸ್ತ್ರಿ ಬಟ್ಟಲನ್ನು ಕೆನ್ನೆಗೆ ಒತ್ತಿ ಸರಿ ಎಂದರು. ಟೀಚರ್ ಕೈ ಚಾಚಿದರು.

"ಇಲ್ಲಿ ಕೊಡಿ, ನಾನೂ ನೋಡ್ತೀನಿ."

ಅವರು ಕಣ್ಣು ಮುಚ್ಚಿ ನಮ್ಮ ಬಟ್ಟಲಿನ ತಳವನ್ನು ಕೆನ್ನೆಗೆ ಒತ್ತಿಕೊಂಡರು. ಬಹಳ ಹೊತ್ತು. ನಾವು ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ನಿಂತಿದ್ದೆವು.

"ಒಣಗಿದೆ" ಎಂದರು ಟೀಚರ್. "ಇಡಿ."