ಒಂದರ ಕಾಯಿಲ್ ಮೂರಕ್ಕೆ

ಬೆಂಗಳೂರಿನ ಜೆ.ಸಿ. ರಸ್ತೆ. ಬಿಡಿಭಾಗದ ಅಂಗಡಿಗಳ ಸಾಲಿನ ಹಿಂದೆ, ಓಣಿಯೊಳಗೊಂದು ಗ್ಯಾರೇಜು. ಈಗಷ್ಟೇ ಬಂದ ಪೆಟ್ರೋಲ್ ಕಾರಿನ ಪಕ್ಕ ನೀವು ನಿಂತಿದ್ದೀರಿ. ಎಂಜಿನ್ನು ಗಡಗಡ ನಡುಗುತ್ತಿದೆ. ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಮಿಣುಕುತ್ತಿದೆ. ಸುಮ್ಮನೆ ಉರಿದರೆ ನಾಳೆ ನೋಡಬಹುದು. ಮಿಣುಕಿದರೆ, ಉರಿಯದೆ ಉಳಿದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟೀತು.

“ಮಿಸ್ಸಿಂಗ್ ಹೊಡೀತಿದೆ” ಎನ್ನುತ್ತಾರೆ ಮೇಸ್ತ್ರಿ, ಬಾನೆಟ್ ಎತ್ತುವ ಮೊದಲೇ. ಕಾರ್ಬ್ಯುರೇಟರ್ ಕಾಲದ ಮಾರುತಿ 800ರಲ್ಲಿ ಪಳಗಿದ ಕಿವಿ ಅದು. ಆಗ ಸದ್ದು ಹದಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸುತ್ತ ಕೂರಬೇಕಿತ್ತು. ಈಗ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎನ್ನುವುದೆಲ್ಲ ಇಸಿಎಂ ಎಂಬ ಕಂಪ್ಯೂಟರಿನ ಲೆಕ್ಕ.

ಹುಡುಗ ಸ್ಟೀರಿಂಗ್ ಕೆಳಗೆ ತಡಕಿ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಪರದೆಯಲ್ಲಿ ಪಿ0301.

“ಒಂದನೇ ಸಿಲಿಂಡರ್ ಅಣ್ಣ. ಕಾಯಿಲ್ ತರ್ಲಾ?”

“ತಡಿ. ಎಲ್ಲಿ ಅಂತ ಹೇಳ್ತು, ಯಾಕೆ ಅಂತ ಹೇಳ್ಲಿಲ್ವಲ್ಲ.”

ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ನೇ ಇಳಿದಿರಬಹುದು. ಮೇಸ್ತ್ರಿ ಹತ್ತನೇ ನಂಬರ್ ಪಾನ ಹಿಡಿದು ಒಂದರ ಕಾಯಿಲನ್ನು ಮೂರಕ್ಕೆ, ಮೂರರದನ್ನು ಒಂದಕ್ಕೆ ಕೂರಿಸುತ್ತಾರೆ. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್. ಅದೇ ನಡುಕ. ಪರದೆ ನೋಡಿ: ಪಿ0303. ಕಾಯಿಲಿನ ಜೊತೆಗೇ ಕಾಯಿಲೆಯೂ ಜಾಗ ಬದಲಿಸಿದೆ! ಹುಡುಗ ಈಗ ಅಂಗಡಿಗೆ ಓಡಬಹುದು. ಯಂತ್ರ ಹೇಳಿದ್ದನ್ನು ಕೇಳಿಸಿಕೊಂಡು, ಆಮೇಲೂ ಒರೆಗೆ ಹಚ್ಚುವ ಈ ಬುದ್ಧಿಗೆ ನಾನು ಮನಸೋತಿದ್ದೇನೆ.

ಆಚೆಯ ಡೀಸೆಲ್ ಗಾಡಿಯ ಹತ್ತಿರ ಬನ್ನಿ. ಹೊಸ ಇಂಜೆಕ್ಟರ್ ಕೂತಾಗಿದೆ. ಬಗ್ಗಿದರೆ ಅದರ ತಲೆಯ ಮೇಲೆ ಸಣ್ಣ ಅಕ್ಷರಗಳು, ಅಂಕಿಗಳು ಕಾಣುತ್ತವೆ. ಒಂದೊಂದು ಇಂಜೆಕ್ಟರ್ ಚಿಮ್ಮಿಸುವ ಡೀಸೆಲ್ಲಿನಲ್ಲಿ ಕೂದಲೆಳೆಯ ವ್ಯತ್ಯಾಸ. ಅದನ್ನು ಸರಿದೂಗಿಸಲು ಈ ಕೋಡನ್ನು ಇಸಿಎಂಗೆ ತುಂಬಬೇಕು. ಇಲ್ಲದಿದ್ದರೆ ಎಂಜಿನ್ನು ಒರಟಾದೀತು, ಹೊಗೆ ಹೆಚ್ಚೀತು. ಆದರೆ ಕೋಡ್ ತುಂಬುವ ಜಾಗಕ್ಕೆ ಕಂಪನಿ ಹಾಕಿದ ಬೀಗ ತೆಗೆಯಲು ಈ ಗ್ಯಾರೇಜಿನ ಸ್ಕ್ಯಾನರಿಗೆ ಬರುವುದಿಲ್ಲ. ಕೆಲಸ ಬಲ್ಲ ಕೈ ಇಲ್ಲೇ ಇದ್ದರೂ ಗಾಡಿ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು.

ಬಿಡಿಭಾಗ, ತಪಾಸಣೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಇಂಜೆಕ್ಟರ್ ಕೂರಿಸಿದವರಿಗೆ ಅದರ ಕೋಡ್ ತುಂಬುವ ಹಕ್ಕೂ ಸಿಗಲೇಬೇಕು. ಸದ್ಯಕ್ಕೆ ಮೇಸ್ತ್ರಿ ಗಾಡಿಯ ಮಾಲೀಕರಿಗೆ ಫೋನ್ ಹಚ್ಚಿ, ಇನ್ನೊಂದು ಬಿಲ್ ಯಾಕೆ ಬರುತ್ತದೆಂದು ವಿವರಿಸುತ್ತಿದ್ದಾರೆ.