ಏಳರಲ್ಲಿ ಎಷ್ಟು?

ಸೋದರಿಯರೇ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಾವು ಹೆಂಗಸರು ಮೊದಲು ಮಾಡುವ ಕೆಲಸ ಯಾವುದು ಹೇಳಿ? ಅವರ ಬಾಯಿ ನಾವೇ ಆಗಿಬಿಡುವುದು. "ಹೇಗಿದ್ದಾರೆ?" ಎಂದು ಯಾರೇ ಕೇಳಲಿ, ಮಲಗಿದವರು ತುಟಿ ಬಿಚ್ಚುವ ಮೊದಲೇ "ರಾತ್ರಿಯೆಲ್ಲ ನಿದ್ದೆಯಿಲ್ಲ, ಎರಡು ತುತ್ತೂ ಇಳಿಯಲಿಲ್ಲ" ಎಂದು ನಾವೇ ಒಪ್ಪಿಸಿಬಿಡುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಅದನ್ನೇ ಸೇವೆ ಎಂದುಕೊಂಡಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಶ್ನೆಗಳ ಹಾಳೆ ಹಿಡಿದು ಬಂದ ಒಬ್ಬ ಹುಡುಗಿ ನನ್ನ ಬಾಯಿ ಮುಚ್ಚಿಸಿದಳು. ಆ ದಿನ ಕಲಿತದ್ದನ್ನು ನಿಮ್ಮೊಡನೆ ಹೇಳಿಕೊಳ್ಳಬೇಕೆನಿಸಿದೆ.

ನಮ್ಮದು ಹಂಪಸಾಗರ, ತುಂಗಭದ್ರೆಯ ಹಿನ್ನೀರಿನ ಕಡೆಯ ಊರು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದರೂ ನಮ್ಮ ಬಾಯಲ್ಲಿ ಇನ್ನೂ ಬಳ್ಳಾರಿ ಜಿಲ್ಲೆಯೇ. ನಮ್ಮವರು ಒಂದು ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದರು. 2022ರ ಶ್ರಾವಣದಲ್ಲಿ ಒಂದು ದಿನ ಸಕ್ಕರೆ ತೂಗುತ್ತಿದ್ದವರ ಬಲಗೈ ಅದುರತೊಡಗಿತು. ನೋಡನೋಡುತ್ತಾ ನೆಲಕ್ಕುರುಳಿದರು. ಮಂದಿ ಕೂಡಿ ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಕೈಗೆ ಕಬ್ಬಿಣ ಕೊಟ್ಟರು. ಹೊಸಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಎಡಭಾಗದಲ್ಲಿ ಗಡ್ಡೆ ಇದೆ ಎಂದರು. ಅಲ್ಲಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು.

ಮಿದುಳಿನ ಆಸ್ಪತ್ರೆ ಎಂದೊಡನೆ ನಮ್ಮ ಓಣಿಯವರು ಕೇಳಿದ ಮೊದಲ ಮಾತು, "ಯಕ್ಕಾ, ಅಣ್ಣಾರಿಗೆ ತಲಿ ಕೆಟ್ಟೈತೇನು?" ಎಂದು. ತಪ್ಪು ಅವರದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಎಂದರೆ ನಮ್ಮ ಕಡೆಯವರಿಗೆ ಇನ್ನೂ ಹುಚ್ಚಾಸ್ಪತ್ರೆಯೇ. 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆ ಸಂಸ್ಥೆಯಾಯಿತು. ಮಿದುಳಿನ ಗಡ್ಡೆಗೂ ಅಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಮಾತ್ರ ಆ ಪ್ರಶ್ನೆಗೆ ಉತ್ತರ ಕೊಡಲಾರದೆ ಹಿತ್ತಲಿಗೆ ಹೋಗಿ ಅತ್ತಿದ್ದೆ.

ಆಪರೇಶನ್ ಆಯಿತು, ರೇಡಿಯೇಶನ್ ಆಯಿತು, ಮಾತ್ರೆಗಳಾದವು. ಜೀವ ಉಳಿಯಿತು. ಆದರೆ ಬಲಗೈಯಲ್ಲಿ ಮೊದಲಿನ ಬಲವಿಲ್ಲ. ಮಾತೂ ಹೋಗಿ ಬಂದು ಮಾಡುತ್ತಿತ್ತು. ನೀರು ಬೇಕಾದರೆ "ಅದು... ಅದು..." ಎಂದು ತಂಬಿಗೆಯತ್ತ ನೋಡುತ್ತಿದ್ದರು. ನಾನು ಅವರ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ಅನ್ನ ಕಲಸಿಕೊಡುವುದು, ಗುಂಡಿ ಹಾಕುವುದು, ಬಂದವರಿಗೆ ಉತ್ತರ ಹೇಳುವುದು, ಎಲ್ಲ ನಾನೇ.

ಆರು ತಿಂಗಳ ನಂತರ ತೋರಿಸಲು ಹೋದಾಗ ಆ ಹುಡುಗಿ ಬಂದದ್ದು. "ಅಮ್ಮಾ, ಗಡ್ಡೆಯ ಚಿಕಿತ್ಸೆ ಆದವರ ಜೀವನದ ಗುಣಮಟ್ಟ ಹೇಗಿದೆ ಎಂದು ಸಂಶೋಧನೆ ಮಾಡುತ್ತಿದ್ದೇವೆ. ಯಜಮಾನರನ್ನು ಕೆಲವು ಪ್ರಶ್ನೆ ಕೇಳಬಹುದೇ?" ಎಂದಳು. ಗುಣಮಟ್ಟ ಎಂಬ ಮಾತನ್ನು ನಾನು ಬೇಳೆಗೆ, ಎಣ್ಣೆಗೆ ಕೇಳಿದ್ದೆ. ಮನುಷ್ಯನ ಬಾಳಿಗೂ ಇದೆಯೇ? ಸಂಶೋಧನೆ ಎಂದೊಡನೆ ಎದೆ ಝಲ್ಲೆಂದಿತು. ಇವರ ಮೇಲೆ ಏನಾದರೂ ಪ್ರಯೋಗ ಮಾಡುತ್ತಾರೋ ಎಂದು. ಅವಳು ಸಾವಧಾನವಾಗಿ ತಿಳಿಸಿ ಹೇಳಿದಳು. ಸೂಜಿಯಿಲ್ಲ, ಔಷಧಿಯಿಲ್ಲ, ಬರೀ ಪ್ರಶ್ನೆ. ಹಾಳೆಯ ಮೇಲೆ ಹೆಸರಿನ ಬದಲು ಒಂದು ನಂಬರು. ಬೇಡವೆಂದರೆ ಬೇಡ, ನಡುವೆ ನಿಲ್ಲಿಸಬೇಕೆಂದರೂ ನಿಲ್ಲಿಸಬಹುದು, ಅದರಿಂದ ಚಿಕಿತ್ಸೆಗೆ ಏನೂ ಕುಂದಿಲ್ಲ. ನಿಮಗೂ ಯಾರಾದರೂ ಹೀಗೆ ಕೇಳಿದರೆ ಇಷ್ಟನ್ನು ವಿಚಾರಿಸಿಯೇ ಸಹಿ ಹಾಕಿ.

"ಇದರಿಂದ ಏನು ಉಪಯೋಗ ತಾಯಿ?" ಎಂದೆ. ಅವಳು ಒಂದು ಉದಾಹರಣೆ ಕೊಟ್ಟಳು. ಮಿದುಳಿನ ಗಡ್ಡೆಗಳಲ್ಲಿ ಬಹು ಕ್ರೂರವಾದದ್ದು ಗ್ಲಯೋಬ್ಲಾಸ್ಟೋಮಾ ಅಂತೆ. ಅದಕ್ಕೆ ರೇಡಿಯೇಶನ್ ಜೊತೆ ಟೆಮೊಜೊಲೊಮೈಡ್ ಎಂಬ ಮಾತ್ರೆ ಕೊಟ್ಟು ಯುರೋಪು ಮತ್ತು ಕೆನಡಾಗಳಲ್ಲಿ 573 ರೋಗಿಗಳನ್ನು ನೋಡಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಬರೀ ರೇಡಿಯೇಶನ್ ಆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದ್ದರೆ, ಮಾತ್ರೆಯೂ ಸೇರಿದವರಲ್ಲಿ ಅರ್ಧದಷ್ಟು ಜನ 14.6 ತಿಂಗಳು ದಾಟಿದ್ದರು. ಅಂದರೆ ಎರಡೂವರೆ ತಿಂಗಳು ಹೆಚ್ಚು. "ಆದರೆ ಆ ಹೆಚ್ಚಿನ ದಿನಗಳು ವಾಂತಿ, ಸುಸ್ತಿನಲ್ಲೇ ಕಳೆದುಹೋದರೆ ಏನು ಬಂತು ಅಮ್ಮಾ? ಅದನ್ನು ರೋಗಿಗಳನ್ನೇ ಕೇಳಿದರು. ಮಾತ್ರೆಯಿಂದ ಬಾಳು ಬಹುಕಾಲ ಹದಗೆಡಲಿಲ್ಲ ಎಂದು ತಿಳಿಯಿತು. ಆಯುಷ್ಯ ಎಷ್ಟು ಎಂದು ಅಳೆದರೆ ಸಾಲದು, ಹೇಗೆ ಎಂದೂ ಅಳೆಯಬೇಕು" ಎಂದಳು. ಆ ಮಾತು ನನಗೆ ಹಿಡಿಸಿತು.

ಮೊದಲೆಲ್ಲ ಡಾಕ್ಟರೇ ಅಂಕ ಹಾಕುತ್ತಿದ್ದರಂತೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಕಾರ್ನಾಫ್‌ಸ್ಕಿ ಎಂಬ ಅಳತೆ ಈಗಲೂ ಇದೆ. ಪೂರಾ ಆರೋಗ್ಯವಂತನಿಗೆ 100. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ, ಆದರೆ ದುಡಿಯಲಾರ ಎಂದರೆ 70. ನಮ್ಮವರ ಫೈಲಿನಲ್ಲಿ ಇದ್ದದ್ದು 70. ಅದು ಹೊರಗಿನಿಂದ ನೋಡಿ ಹಾಕಿದ ಅಂಕ. ಒಳಗಿನದನ್ನು ತಿಳಿಯಲು ಈ ಪ್ರಶ್ನೆಗಳು. ಕ್ಯಾನ್ಸರ್ ರೋಗಿಗಳಿಗೆಲ್ಲ ಕೇಳುವ 30, ಮಿದುಳಿನ ಗಡ್ಡೆಯವರಿಗೆಂದೇ ಮಾಡಿದ 20, ಒಟ್ಟು ಐವತ್ತು. 48ಕ್ಕೆ ನಾಲ್ಕೇ ಉತ್ತರ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ. ಬಹುಪಾಲು ಪ್ರಶ್ನೆ ಕಳೆದ ಒಂದು ವಾರದ್ದು. ಉಳಿದ ಎರಡಕ್ಕೆ ಒಂದರಿಂದ ಏಳರವರೆಗೆ ಅಂಕ.

ಶುರುವಾಯಿತು. "ಒಂದು ಪಕ್ಕ ಬಲಹೀನವಾಗಿತ್ತೇ?" "ಬಹಳ ಬಲಹೀನ ಕಣಮ್ಮಾ, ತುತ್ತೂ ಎತ್ತಲಾರರು" ಎಂದೆ. ಹುಡುಗಿ ನಕ್ಕು, "ಅಮ್ಮಾ, ಅವರೇ ಹೇಳಲಿ. ಎಷ್ಟು ಹೊತ್ತಾದರೂ ಆಗಲಿ" ಎಂದಳು. ಮನೆಯವರು ಹೇಳುವುದಕ್ಕೂ ರೋಗಿ ಹೇಳುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲವಂತೆ. ಮನೆಯವರು ಹೆಚ್ಚು ಕಷ್ಟವನ್ನೇ ಎಣಿಸುತ್ತಾರಂತೆ. ರೋಗಿಗೆ ಮಾತೇ ಆಡಲಾಗದಿದ್ದಾಗ ಮಾತ್ರ ಮನೆಯವರನ್ನು ಕೇಳಿ, ಹಾಗೆಂದು ಬೇರೆಯಾಗಿ ಗುರುತು ಮಾಡಿಕೊಳ್ಳುತ್ತಾರಂತೆ.

ನಮ್ಮವರು ಹಾಳೆ ನೋಡಿದರು. ಬೆರಳು "ಸ್ವಲ್ಪ" ಎಂಬುದರ ಮೇಲೆ ಇಟ್ಟರು. ನಾನು ಬೆಪ್ಪಾದೆ.

"ಹೇಳಬೇಕಾದ ಮಾತು ಸಿಗದೆ ಕಷ್ಟವಾಯಿತೇ?" ಬಹಳ. "ಹಗಲಲ್ಲಿ ತೂಕಡಿಕೆ?" ಬಹಳ. "ಮುಂದೇನೋ ಎಂಬ ಅನಿಶ್ಚಯ ಕಾಡಿತೇ?" ಬೆರಳು ತುಸು ಹೊತ್ತು ಹಾಳೆಯ ಮೇಲೆ ತಡವರಿಸಿ "ಬಹಳ" ಎಂಬಲ್ಲಿ ನಿಂತಿತು. ಮನೆಯಲ್ಲಿ ಒಂದು ದಿನವೂ ಅಂಜಿಕೆ ತೋರಿಸಿದವರಲ್ಲ ಅವರು. "ಖಾಯಿಲೆಯಿಂದ ಹಣದ ತೊಂದರೆ ಆಯಿತೇ?" ಎಂದಾಗ ಅವರು ಹಾಳೆ ನೋಡಲಿಲ್ಲ, ನನ್ನ ಬರಿಗಿವಿ ನೋಡಿದರು. ಬೆಂಡೋಲೆ ಒತ್ತೆ ಇಟ್ಟದ್ದು ಅವರಿಗೆ ಗೊತ್ತಿಲ್ಲವೆಂದು ತಿಳಿದಿದ್ದೆ. ಬಹಳ ಎಂದು ತೋರಿಸಿದರು.

ಕೊನೆಯ ಪ್ರಶ್ನೆ. "ಒಟ್ಟಿನಲ್ಲಿ ಈ ವಾರ ನಿಮ್ಮ ಬಾಳು ಹೇಗಿತ್ತು? ಬಹಳ ಕೆಟ್ಟದ್ದಾದರೆ ಒಂದು, ಬಹಳ ಚಲೋ ಆದರೆ ಏಳು." ನಾನಾಗಿದ್ದರೆ ಎರಡು ಎನ್ನುತ್ತಿದ್ದೆ. ಅವರು ಐದರ ಮೇಲೆ ಬೆರಳಿಟ್ಟರು!

ರಾತ್ರಿ ರೈಲಿನಲ್ಲಿ ಕೇಳಿಯೇಬಿಟ್ಟೆ, "ರೀ, ಐದು ಹ್ಯಾಂಗ?" ಎಂದು. ಬಹಳ ಹೊತ್ತು ಹುಡುಕಿ ಹೇಳಿದರು: "ಮುಂಜಾನೆ... ರೊಟ್ಟಿ... ಸಪ್ಪಳ." ನಾನು ರೊಟ್ಟಿ ಬಡಿಯುವ ಸಪ್ಪಳ! ಮತ್ತೆ ಸ್ವಲ್ಪ ತಡೆದು, "ಅಂಗಡಿ... ಬೇಕು" ಎಂದರು. ಕೈಗಿಂತ ಹೆಚ್ಚಾಗಿ ಅವರನ್ನು ಸುಡುತ್ತಿದ್ದದ್ದು ಸುಮ್ಮನೆ ಕೂತಿರುವುದು. ಸುಮ್ಮನೆ ಕೂಡಿಸಿದವಳು ನಾನೇ.

ಊರಿಗೆ ಬಂದ ಮೇಲೆ ಅವರನ್ನು ಅಂಗಡಿಯ ಗಲ್ಲಾದ ಮುಂದೆ ಕೂಡಿಸಿದೆ. ತೂಗುವುದು ನಾನು, ದುಡ್ಡು ಎಣಿಸುವುದು ಅವರು. ಮೊದಮೊದಲು ಚಿಲ್ಲರೆ ತಪ್ಪಿತು. ಗಿರಾಕಿಗಳು ಒಳ್ಳೆಯವರು, ತಿರುಗಿ ಕೊಟ್ಟರು. ಊಟದ ತಟ್ಟೆ ಅವರ ಮುಂದಿಟ್ಟು ನಾನು ಬೇರೆ ಕಡೆ ನೋಡುವುದನ್ನು ಕಲಿತೆ. ಎಡಗೈಲಿ ರೊಟ್ಟಿ ಮುರಿಯುತ್ತಾರೆ, ಚೆಲ್ಲುತ್ತದೆ, ಚೆಲ್ಲಲಿ. ಮಾತಿಗೆ ತಡವರಿಸಿದಾಗ ಬಾಯಿಗೆ ಮಾತು ತುರುಕುವುದಿಲ್ಲ, ಕಾಯುತ್ತೇನೆ.

ಇನ್ನೊಂದು ಅಭ್ಯಾಸವನ್ನೂ ಇಟ್ಟುಕೊಂಡೆ. ಸೋಮವಾರಕ್ಕೊಮ್ಮೆ ಒಂದು ನೋಟುಬುಕ್ಕಿನಲ್ಲಿ ತಲೆನೋವು, ನಿದ್ದೆ, ತೂಕಡಿಕೆ, ನಡಿಗೆ, ಅಂಜಿಕೆ ಎಂದು ಬರೆದು ಅವರನ್ನೇ ಕೇಳಿ ಗುರುತು ಹಾಕುತ್ತೇನೆ. ಮುಂದಿನ ಸಲ ಡಾಕ್ಟರಿಗೆ ತೋರಿಸಿದಾಗ ತೂಕಡಿಕೆಯ ಸಾಲು ನೋಡಿ ಮೂರ್ಛೆಯ ಮಾತ್ರೆಯನ್ನು ಅವರೇ ಹೊಂದಿಸಿದರು. ನೆನಪಿರಲಿ, ಮಾತ್ರೆಯನ್ನು ನಾವಾಗಿ ಹೆಚ್ಚು ಕಮ್ಮಿ ಮಾಡಬಾರದು, ನಿಲ್ಲಿಸಲೂ ಬಾರದು.

ಐವತ್ತು ಪ್ರಶ್ನೆಯಲ್ಲಿ ಎಲ್ಲ ಬಂತೆಂದಲ್ಲ. ಅಂಗಡಿಯ ಕಟ್ಟೆಯ ಹರಟೆ ಅದರಲ್ಲಿಲ್ಲ. ಜಾತ್ರೆಗೆ ಹೋಗಲಾರದ ಬೇಸರವೂ ಇಲ್ಲ. ಮೈಲಾರದ ಕಾರಣಿಕದಂತೆ ಒಂದೇ ಮಾತಿನಲ್ಲಿ ಮುಂದಿನದನ್ನು ಹೇಳಿಬಿಡುವ ಅಳತೆಯೂ ಅದಲ್ಲ. ಆದರೆ ಕೇಳುವವರಿದ್ದಾರೆ ಎಂಬುದೇ ಒಂದು ಆಸರೆ.

ಇವರ ಗಡ್ಡೆ ಮತ್ತೆ ಬೆಳೆಯಬಹುದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಾವಿಬ್ಬರೂ ಈಗ ಆ ಮಾತನ್ನು ಒಬ್ಬರಿಗೊಬ್ಬರು ಬಚ್ಚಿಡುವುದಿಲ್ಲ. ಮೊನ್ನೆ ಸೋಮವಾರ ಎಂದಿನಂತೆ "ಏಳರಲ್ಲಿ ಎಷ್ಟು?" ಎಂದೆ. ಅವರು ನೋಟುಬುಕ್ಕು ತಮ್ಮ ಕಡೆ ಎಳೆದುಕೊಂಡು, "ನಿಂದು... ಎಷ್ಟು?" ಎಂದರು. ಇಷ್ಟು ದಿನದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. "ಆರು" ಎಂದೆ. "ಸುಳ್ಳು" ಎಂದರು. ಆ ಮಾತು ಮಾತ್ರ ತಡವರಿಸದೆ ಬಂತು. ಇಬ್ಬರೂ ನಕ್ಕೆವು. ಆಮೇಲೆ ನಾಲ್ಕು ಎಂದು ಬರೆದೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಮಲಗಿದವರಿದ್ದರೆ ಈ ವಾರ ಒಮ್ಮೆ ಕೇಳಿ ನೋಡಿ. ಉತ್ತರ ಬರುವವರೆಗೆ ಸುಮ್ಮನೆ ಕಾಯಿರಿ. ನಿಮ್ಮದೆಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.